ತಕರಾರು ಪೆಟ್ಟಿಗೆಯಲ್ಲಿ ಒಂದು ಹಲಗೆ ಚೂರು

ಮಹಾಗಣಪತಿ ಹೆಗಡೆಯವರು ಒಂದು ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಮನೆಯ ಕಪಾಟಿನದಲ್ಲ. ನಮ್ಮ ತಾಲೂಕು ಬೋರ್ಡಿನ ಕಚೇರಿಯ ಜಗಲಿಯಲ್ಲಿ ಗೋಡೆಗೆ ಹೊಡೆದಿದ್ದ ತಕರಾರು ಪೆಟ್ಟಿಗೆಯದು. ಯಾವ ಊರಿನ ಬೋರ್ಡು ಎಂದು ನಾನು ಹೇಳುವುದಿಲ್ಲ. ಕುಮಟೆ, ಹೊನ್ನಾವರ, ಭಟ್ಕಳಗಳ ನಡುವೆ ಎಲ್ಲೋ ಒಂದು ಕಡೆ ಎಂದು ಇಟ್ಟುಕೊಳ್ಳಿ. ಆಗ ಅಲ್ಲಿದ್ದವರ ಮಕ್ಕಳು ಈಗಲೂ ನನ್ನನ್ನು ಕಂಡರೆ ನಿಂತು ಮಾತಾಡಿಸುತ್ತಾರೆ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಅರವತ್ತೊಂದನೇ ಇಸವಿಯ ಮಾತು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಐದು ವರ್ಷವಾಗಿತ್ತು. ಮೊದಲು ನಮ್ಮ ಕಾಗದಗಳು ಒಂದು ದಿಕ್ಕಿಗೆ ಹೋಗುತ್ತಿದ್ದವು, ಈಗ ಇನ್ನೊಂದು ದಿಕ್ಕಿಗೆ. ಯಾವ ದಿಕ್ಕಿಗೆ ಹೋದರೂ ತಿರುಗಿ ಬರುತ್ತಿರಲಿಲ್ಲ. ಹೊಸದಾಗಿ ಬಂದ ಸಾಹೇಬರೊಬ್ಬರು ಜನರ ಕಷ್ಟ ಕೇಳಬೇಕೆಂದು ಪೆಟ್ಟಿಗೆ ಮಾಡಿಸಿದರು, ಅದನ್ನು ನೋಡಿಕೊಳ್ಳಲು ಹಿರಿಯ ಕಾರಕೂನರಾದ ಹೆಗಡೆಯವರನ್ನು ಹಾಕಿದರು, ಮೂರು ತಿಂಗಳಲ್ಲಿ ವರ್ಗವಾಗಿ ಹೋದರು. ಪೆಟ್ಟಿಗೆ ಮತ್ತು ಹೆಗಡೆಯವರು ಉಳಿದರು. ಅವರ ಪಕ್ಕದ ಮೇಜಿನಲ್ಲಿ ನಕಲು ಬರೆಯುತ್ತಿದ್ದ ಕಿರಿಯ ಕಾರಕೂನ ನಾನು, ಮಾಬ್ಲೇಶ್ವರ ನಾಯ್ಕ.

ಸೋಮವಾರ ಹನ್ನೊಂದು ಗಂಟೆಗೆ ನನ್ನನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಅವರು ಪೆಟ್ಟಿಗೆ ತೆರೆಯುತ್ತಿದ್ದರು. ಪ್ರತಿ ಚೀಟಿಗೂ ನಂಬರು. ದಪ್ಪ ಪುಸ್ತಕದಲ್ಲಿ ಬಂದ ತಾರೀಖು, ಯಾರದು, ಏನು ತಕರಾರು, ಕೊನೆಗೆ ‘ಕೈಗೊಂಡ ಕ್ರಮ’. ಸಂಬಂಧಪಟ್ಟವರಿಗೆ ಅಂದೇ ಕಾಗದ. ಎಂಟು ದಿನದಲ್ಲಿ ಉತ್ತರ ಬರದಿದ್ದರೆ ತಾವೇ ಹೋಗಿ ಅವರ ಮೇಜಿನ ಎದುರು ಕುಳಿತುಬಿಡುತ್ತಿದ್ದರು. ಬೈಯುವುದಿಲ್ಲ, ಗಟ್ಟಿ ಮಾತಿಲ್ಲ, ಸುಮ್ಮನೆ ಕೂರುವುದು. ನಮ್ಮ ಓವರಸಿಯರು ಇವರ ಛತ್ರಿ ಕಂಡರೆ ಹಿಂಬಾಗಿಲಿನಿಂದ ಹೋಗುತ್ತಿದ್ದ. ಹದಿನೈದನೇ ದಿನ ದೂರು ಕೊಟ್ಟವರ ಮನೆಗೆ ಹೆಗಡೆಯವರ ಕೈಬರಹದ ಕಾರ್ಡು ಹೋಗಲೇಬೇಕು. ಮಂಕಿ ಊರಿನ ಬಾವಿಗೆ ರಾಟೆ ಬಂದದ್ದು, ಬೀದಿ ದೀಪಕ್ಕೆ ಚಿಮಣಿ ಎಣ್ಣೆ ಸರಿಯಾಗಿ ಸಿಕ್ಕಿದ್ದು, ವಾರಕ್ಕೆರಡು ದಿನ ಮಾತ್ರ ಮುಖ ತೋರಿಸುತ್ತಿದ್ದ ಸೂಲಗಿತ್ತಿ ನರ್ಸು ಆರು ದಿನ ಬರತೊಡಗಿದ್ದು, ಎಲ್ಲ ಹೀಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮ ಕಚೇರಿಯಲ್ಲಿ ಕೊಡುವ ಪೂಜಾರಿ ಇವರೊಬ್ಬರೇ ಇದ್ದರು.

ಆದರೆ ಅವರಿಗೂ ಒಂದು ಕುರುಡಿತ್ತು. ಕಾಗದದ ಮೇಲೆ ಇದ್ದದ್ದು ಮಾತ್ರ ಅವರಿಗೆ ತಕರಾರು. ಪೆಟ್ಟಿಗೆ ಮಾಡಿದ ಆಚಾರಿ ಅಂಥದ್ದನ್ನು ಹಿಂದೆ ಕಂಡವನಲ್ಲ. ದೇವಸ್ಥಾನಕ್ಕೆ ಮಾಡುವ ಕಾಣಿಕೆ ಡಬ್ಬಿಯ ಹಾಗೆಯೇ ಮಾಡಿ, ಮೂರು ಬೆರಳು ಅಗಲದ ಬಾಯಿ ಇಟ್ಟಿದ್ದ. ಜನರೂ ಹಾಗೆಯೇ ತಿಳಿದರು. ಹೂವು ಹಾಕಿದರು, ವೀಳ್ಯದೆಲೆ ಹಾಕಿದರು, ಒಮ್ಮೆ ಮುರಿದ ಕೊಡಪಾನದ ಕಂಠದ ಚೂರು ಬಂತು. ಹೆಗಡೆಯವರು ಬೇಸರದಿಂದ ಅವನ್ನೆಲ್ಲ ಕಸದ ಬುಟ್ಟಿಗೆ ಹಾಕುತ್ತಿದ್ದರು. ಆ ಕೊಡಪಾನ ಯಾರದು, ಯಾವ ಕೇರಿಯಲ್ಲಿ ನೀರಿಲ್ಲ ಎಂದು ನಾವಿಬ್ಬರೂ ಯೋಚಿಸಲಿಲ್ಲ. ಓದು ಬಂದವರ ಬುದ್ಧಿ ಇಷ್ಟೇ.

ಅರವತ್ತೆರಡರ ಚೌತಿ ಮುಗಿದ ಸೋಮವಾರ ಪೆಟ್ಟಿಗೆಯಲ್ಲಿ ಮೂರು ಚೀಟಿ ಮತ್ತು ಗೇಣುದ್ದದ ಒಂದು ಹಲಗೆ ಚೂರು ಇತ್ತು. ಒಂದು ತುದಿ ಗಟ್ಟಿ, ಇನ್ನೊಂದು ತುದಿ ಹುಳ ತಿಂದು ತೂತು ತೂತು. ನಡುವೆ ತುಕ್ಕು ಹಿಡಿದ ಮೊಳೆಯ ತೂತು.

“ಇದೆಂತ ಮಾಬ್ಲೇಶ್ವರ?” ಎಂದರು ಹೆಗಡೆಯವರು.

“ಯಾರದೋ ಚೇಷ್ಟೆ ಹೆಗಡೇರೆ. ನನ್ನ ಮೇಜು ಅಲ್ಲಾಡ್ತದೆ. ಕಾಲಿಗೆ ಕೊಡ್ತೆ.”

“ಕೊಡು.”

ನಾನು ಬಗ್ಗಿ ಮೇಜಿನ ಕಾಲಡಿ ಇಟ್ಟೆ. ಅಳತೆ ಮಾಡಿ ತಂದ ಹಾಗೆ ಕೂತಿತು. ಆ ದಿನದಿಂದ ನನ್ನ ಅಕ್ಷರ ಚೆನ್ನಾಯಿತು ಎಂದು ಎಲ್ಲರ ಹತ್ತಿರ ಹೇಳಿಕೊಂಡೆ.

ದೀಪಾವಳಿ ಕಳೆದ ಎಂಟನೇ ದಿನ, ಬೆಳಿಗ್ಗೆ ಕಡಲ ನೀರು ಹೊಳೆಗೆ ಏರುವ ಭರತದ ಹೊತ್ತಿನಲ್ಲಿ, ಬೋರ್ಡಿನ ತಾರಿದೋಣಿ ಹೊಳೆಯ ನಡುವೆ ಒಡೆಯಿತು. ತಾರಿ ಎಂದರೆ ಹೊಳೆ ದಾಟಿಸುವ ಕಡವು. ಅದನ್ನು ಬೋರ್ಡು ವರ್ಷವರ್ಷ ಹರಾಜು ಹಾಕುತ್ತಿತ್ತು. ಆ ವರ್ಷ ಹಿಡಿದವನು ಗುತ್ತಿಗೆದಾರ ಪಾಂಡು, ದೋಣಿ ನಡೆಸುವವನು ಅವನ ಆಳು ಜಟ್ಟ. ಹನ್ನೊಂದು ಜನರಲ್ಲಿ ಹತ್ತು ಜನ ಹೇಗೋ ದಡ ಸೇರಿದರು. ಹೊಳೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಿ ಮಾರುತ್ತಿದ್ದ ತಿಮ್ಮಿ ಸೇರಲಿಲ್ಲ. ಬುಟ್ಟಿಯ ಹಗ್ಗ ಅವಳ ಕೈಗೆ ಸುತ್ತಿಕೊಂಡಿತ್ತು. ಮೂವತ್ತು ವರ್ಷವೂ ಆಗಿರಲಿಲ್ಲ ಅವಳಿಗೆ.

ಪೊಲೀಸರು ಜಟ್ಟನನ್ನು ಹಿಡಿದರು. ದೋಣಿ ಕೆಟ್ಟಿದ್ದು ಗೊತ್ತಿದ್ದೂ ಯಾರಿಗೂ ತಿಳಿಸದೆ ಜನರನ್ನು ಹತ್ತಿಸಿದ ಎಂಬುದು ಅವನ ಮೇಲಿನ ಆರೋಪ. ವಿಚಾರಣೆಗೆ ಮೇಲಿನ ಅಧಿಕಾರಿಯೊಬ್ಬರು ಬಂದು ಹೊಳೆದಂಡೆಯ ಮುಸಾಫರಿ ಬಂಗಲೆಯಲ್ಲಿ ಕುಳಿತರು. ಕೆಳಗೆ ಮರಳಿನ ಮೇಲೆ ಒಡೆದ ದೋಣಿಯನ್ನು ಎಳೆದು ಹಾಕಿದ್ದರು. ಜಟ್ಟನ ಹೆಂಡತಿ ದುರ್ಗಿ ಬಂಗಲೆಯ ಮೆಟ್ಟಿಲ ಹತ್ತಿರ ಎರಡು ಮಕ್ಕಳನ್ನು ಕೂರಿಸಿಕೊಂಡಿದ್ದಳು.

“ಒಂದು ಮಾತು ಹೇಳಿದ್ರೆ ಅಂದೇ ರಿಪೇರಿ ಮಾಡಿಸ್ತಿದ್ದೆ. ಇಂವ ಬಾಯಿ ಬಿಡ್ಲಿಲ್ಲ,” ಎಂದ ಪಾಂಡು.

“ಎರಡು ಸಲ ಹೇಳಿದ್ದೆ,” ಎಂದ ಜಟ್ಟ. “ನೀ ಹೋಗದಿದ್ರೆ ಬೇರೆಯವ ಹೋಗ್ತ ಅಂದ್ರು.”

ಇದಕ್ಕೆ ಸಾಕ್ಷಿ ಇರಲಿಲ್ಲ. ಬೋರ್ಡಿಗೇನಾದರೂ ದೂರು ಬಂದಿತ್ತೇ ಎಂದು ಅಧಿಕಾರಿ ಕೇಳಿದರು. ಹೆಗಡೆಯವರು ಪುಸ್ತಕ ತಿರುವಿ, ತಾರಿಯ ಬಗ್ಗೆ ಯಾವ ತಕರಾರೂ ಬಂದಿಲ್ಲ ಎಂದರು.

ಜಟ್ಟ ಅವರ ಕಡೆ ತಿರುಗಿದ. “ಬಂದದೆ ಒಡ್ಯಾ. ನಾನೇ ಹಾಕಿದ್ದೆ. ನಂಗೆ ಬರಿಯುಕೆ ಬರುದಿಲ್ಲ. ಮೈಗೆ ನೋವಾದ್ರೆ ದೇವ್ರ ಡಬ್ಬಿಗೆ ಬೆಳ್ಳಿ ಕೈಕಾಲು ಹಾಕುದಿಲ್ವಾ? ಹಂಗೇ ದೋಣಿ ಮೈಯಿಂದ ಒಂದು ಚೂರು ಕಿತ್ತು ನಿಮ್ಮ ಪೆಟ್ಗಿಗೆ ಹಾಕ್ದೆ. ಕೈಯಲ್ಲೇ ಕಿತ್ತು ಬಂತು ಒಡ್ಯಾ, ಅಷ್ಟು ಲಡ್ಡಾಗಿತ್ತು.”

ಕೂತವರೆಲ್ಲ ನಕ್ಕರು. ಅಧಿಕಾರಿಯೂ ಮೀಸೆಯಲ್ಲಿ ನಕ್ಕು, ಉಳಿದದ್ದು ನಾಳೆ ಎಂದು ಎದ್ದರು. ಹೆಗಡೆಯವರ ಮುಖ ಬಿಳಿಚಿಹೋಗಿತ್ತು. ನನ್ನ ಮುಖ ಹೇಗಿತ್ತೋ ನನಗೆ ತಿಳಿಯದು.

ಕಚೇರಿಗೆ ಬಂದವರೇ ಅವರು ನನ್ನ ಮೇಜಿನ ಹತ್ತಿರ ಮಂಡಿಯೂರಿ ಕೂತರು. ಐವತ್ತೆರಡರ ಮನುಷ್ಯ, ಮೊಣಕಾಲು ನೋವು ಬೇರೆ. ಮೇಜನ್ನು ಭುಜದಿಂದ ಎತ್ತಿ ಹಲಗೆ ಚೂರನ್ನು ಎಳೆದು ತೆಗೆದರು. ಪಂಚೆಯ ತುದಿಯಿಂದ ಅದರ ಧೂಳು ಒರೆಸಿದರು.

“ಹೆಗಡೇರೆ, ಪುಸ್ತಕದಲ್ಲಿ ಇಲ್ಲ ಅಂದ್ಮೇಲೆ ಇಲ್ಲ,” ಎಂದೆ. “ಇಷ್ಟು ವರ್ಷದ ನೌಕರಿ ನಿಮ್ದು. ಎರಡು ಹೆಣ್ಣು ಮಕ್ಳ ಮದ್ವೆ ಆಗ್ಬೇಕು. ಈಗ ಬಾಯಿ ಬಿಟ್ರೆ ಎಂತ ಆಗ್ತದೆ ಗೊತ್ತದ್ಯಲ್ಲ?”

“ಜಟ್ಟಂಗೆ ಮಕ್ಳಿಲ್ವಾ ಮಾಬ್ಲೇಶ್ವರ?”

ನಾನು ಹೆಗಡೆಯವರ ನೌಕರಿಯ ಮಾತಾಡಿದೆ. ಒಳಗೆ ಇದ್ದದ್ದು ನನ್ನ ನೌಕರಿಯ ಭಯ. ಮರುದಿನ ಬೆಳಿಗ್ಗೆ ಅದೇ ಮಾತಿಗೆ ಅವರ ಮನೆಗೂ ಹೋದೆ. ಅವರ ಹೆಂಡತಿ ಮಹಾಲಕ್ಷ್ಮೀಯಮ್ಮ ಬಾಳೆಲೆಯಲ್ಲಿ ತೆಳ್ಳೇವು ದೋಸೆ ಹಾಕಿ ಇಟ್ಟಿದ್ದರು. ಅದು ಮುಟ್ಟದೆ ಹಾಗೇ ಇತ್ತು. ನಾನು ಯಾಕೆ ಬಂದೆ ಎಂದು ಆ ತಾಯಿಗೆ ಹೇಗೆ ತಿಳಿಯಿತೋ! ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

“ನಿನ್ನೆಂದ ಒಂದು ತುತ್ತೂ ಸೇರ್ತಾ ಇಲ್ಲೆ ಇವಕ್ಕೆ. ಹೇಳಿಕ್ಕಿ ಬರ್ಲಿ, ಎಂತ ಆದ್ರೂ ಆಗ್ಲಿ.”

ಆ ದಿನ ಹೆಗಡೆಯವರು ಪುಸ್ತಕವನ್ನೂ ಹಲಗೆಯನ್ನೂ ಅಧಿಕಾರಿಯ ಎದುರು ಇಟ್ಟರು. ಅಂದೇ ಬೆಳಿಗ್ಗೆ ಹೊಸದಾಗಿ ಬರೆದಿದ್ದ ಸಾಲನ್ನು ನಿಂತು ಓದಿದರು. “ನಂಬರು ಇನ್ನೂರ ಹದಿನಾಲ್ಕು. ತಡವಾಗಿ ದಾಖಲಿಸಿದ್ದು. ಬಂದದ್ದು ಚೌತಿ ಮುಗಿದ ಸೋಮವಾರ. ದೂರು ಕೊಟ್ಟವನು ತಾರಿಯ ಜಟ್ಟ. ತಕರಾರು, ದೋಣಿಯ ಹಲಗೆ ಹುಳ ತಿಂದಿದೆ. ಕೈಗೊಂಡ ಕ್ರಮ, ಮೇಜಿನ ಕಾಲಿಗೆ ಕೊಡಲಾಯಿತು.”

ಯಾರೂ ನಗಲಿಲ್ಲ. ಅಧಿಕಾರಿ ಎದ್ದು ಮರಳಿಗೆ ಇಳಿದರು, ನಾವೆಲ್ಲ ಹಿಂದೆ ಹೋದೆವು. ದೋಣಿಯ ಪಕ್ಕೆಯಲ್ಲಿ ಒಂದು ಕಡೆ ಡಾಂಬರು ಬಟ್ಟೆ ತುರುಕಿದ್ದರು. ಅದನ್ನು ಕಿತ್ತು ಹಲಗೆ ಚೂರನ್ನು ಅಲ್ಲಿ ಇಟ್ಟರು. ಮೊಳೆಯ ತೂತಿಗೆ ತೂತು ಸರಿಯಾಗಿ ಕೂತಿತು. ದುರ್ಗಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

“ಮೇಜಿನ ಕಾಲಿಗೆ ಕೊಟ್ಟವರು ಯಾರು?” ಅಧಿಕಾರಿ ಕೇಳಿದರು.

ನಾನು ಹೆಗಡೆಯವರ ಬೆನ್ನಿನ ಹಿಂದೆ ನಿಂತಿದ್ದೆ.

“ಪೆಟ್ಟಿಗೆಯ ಜವಾಬ್ದಾರಿ ನನ್ನದು ಸಾರ್,” ಎಂದರು ಹೆಗಡೆಯವರು.

ಜಟ್ಟ ಬಿಡುಗಡೆಯಾದ. ಪಾಂಡುವಿನ ಗುತ್ತಿಗೆ ಹೋಯಿತು; ತಾರಿಗೆ ಬೇರೆ ದೋಣಿ ಬಂದು, ಜಟ್ಟನೇ ಅದನ್ನು ನಡೆಸತೊಡಗಿದ. ಇನ್ನು ಮುಂದೆ ಮಳೆಗಾಲ ಮುಗಿದ ಕೂಡಲೇ ಪ್ರತಿ ತಾರಿಯ ದೋಣಿಯನ್ನೂ ದಡಕ್ಕೆ ಎಳೆದು ಪರೀಕ್ಷೆ ಮಾಡಬೇಕು ಎಂದು ಹುಕುಂ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು, ನಿಜ. ಆದರೆ ಆ ಬಾಗಿಲಿನಿಂದ ಆಮೇಲೆ ಎಷ್ಟೋ ಜನ ಉಳಿದರು ಎಂಬುದೂ ನಿಜ. ಹೆಗಡೆಯವರ ಬಡ್ತಿ ಶಾಶ್ವತವಾಗಿ ನಿಂತಿತು. ಅವರಿಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಅವರ ಮೇಲೆ ಬಂದು ಕೂತ. ಪೆಟ್ಟಿಗೆಯ ಕೆಲಸವನ್ನು ಮಾತ್ರ ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಯಾರಿಗೂ ಅದು ಬೇಕಿರಲಿಲ್ಲ.

ಬಿಡುಗಡೆಯಾದ ದಿನ ಜಟ್ಟ ಕಚೇರಿಯ ಜಗಲಿಗೆ ಬಂದ. ಕೈಮುಗಿಯಲು ಬಂದ ಎಂದುಕೊಂಡೆ. ಅವನು ಪೆಟ್ಟಿಗೆಯನ್ನೇ ನೋಡುತ್ತ ನಿಂತ.

“ಒಡ್ಯಾ, ಇದು ಎಂತದು ಅಂತ ಅವತ್ತೇ ಒಂದು ಮಾತು ಕೇಳಿದ್ರೆ ತಿಮ್ಮಿ ಇರ್ತಿತ್ತು.”

“ಹೌದು ಜಟ್ಟ,” ಎಂದರು ಹೆಗಡೆಯವರು.

ಆ ವಾರದಿಂದ ಸಂತೆಯ ದಿನ ಅವರು ಪುಸ್ತಕ ಹಿಡಿದು ತಾರಿಯ ದಡಕ್ಕೆ ಹೋಗಿ ಕೂರತೊಡಗಿದರು. ದೋಣಿ ಇಳಿದು ಬಂದವರನ್ನೆಲ್ಲ “ಎಂತಾದ್ರೂ ಹೇಳುದದ್ಯಾ?” ಎಂದು ಕೇಳುವುದು, ಬಾಯಲ್ಲಿ ಹೇಳಿದ್ದನ್ನು ತಾವೇ ಬರೆದುಕೊಳ್ಳುವುದು. ಪೆಟ್ಟಿಗೆಯಲ್ಲಿ ಕಡ್ಡಿ ಬಂದರೂ ಕಲ್ಲು ಬಂದರೂ ಅದನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು, ಯಾರದು ಎಂದು ವಿಚಾರಿಸುತ್ತಿದ್ದರು. ಜನ ಮೊದಲು ದೂರದಿಂದ ನೋಡಿ ಹೋದರು. ಜಟ್ಟ ಅವರ ಹತ್ತಿರ ಮಾತಾಡುತ್ತಿರಲಿಲ್ಲ. ನಾಲ್ಕು ತಿಂಗಳ ಮೇಲೆ ಒಂದು ದಿನ ಅವನೇ ಒಬ್ಬ ಮುದುಕಿಯನ್ನು ಕೈಹಿಡಿದು ದೋಣಿಯಿಂದ ಇಳಿಸಿ ಕರೆತಂದ. ಅವಳು ತಿಮ್ಮಿಯ ತಾಯಿ ಮಾದೇವಿ.

“ಇವ್ರ ಹತ್ರ ಹೇಳು ಅಬ್ಬೆ. ಇವ್ರು ಬರ್ಕಂಬ್ರು,” ಎಂದ.

ಮಾದೇವಿ ಮಗಳ ಮಾತು ಎತ್ತಲಿಲ್ಲ. “ಇಳಿಯೋ ಕಲ್ಲು ಪಾಚಿ ಕಟ್ಕಂಡದೆ. ಇನ್ನೊಬ್ರ ಮನೆ ಹೆಣ್ಣು ಜಾರಿ ಬೀಳುದು ಬೇಡ,” ಎಂದಳು ಅಷ್ಟೆ. ಹೆಗಡೆಯವರು ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಹದಿನೈದು ದಿನ ತುಂಬುವ ಮೊದಲೇ ಅಲ್ಲಿ ಹೊಸ ಮೆಟ್ಟಿಲು ಕೂತವು. ಉತ್ತರದ ಕಾರ್ಡನ್ನು ಅವರು ಅಂಚೆಗೆ ಹಾಕಲಿಲ್ಲ, ಅವಳ ಮನೆಗೆ ನಡೆದು ಹೋಗಿ ಓದಿ ಹೇಳಿ ಬಂದರು.

ಅರವತ್ತೆಂಟರಲ್ಲಿ ಅವರು ನಿವೃತ್ತರಾದರು. ಕೊನೆಯ ಸಂಜೆ ಕಚೇರಿಯಲ್ಲಿ ನಾವಿಬ್ಬರೇ ಇದ್ದೆವು. ಆರು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ನಾನು ಹೇಳಿದೆ. “ಹೆಗಡೇರೆ, ಆ ಹಲಗೆ ಕಾಲಿಗೆ ಕೊಟ್ಟವ ನಾನು. ಅವತ್ತು ನಾನು ಮುಂದೆ ಬರ್ಬೇಕಿತ್ತು.”

ಅವರು ಅಂಗಿಯ ಗುಂಡಿ ಬಿಚ್ಚಿ, ಜನಿವಾರದ ಗಂಟಿನಿಂದ ಬೀಗದ ಕೈಯನ್ನು ನಿಧಾನಕ್ಕೆ ಬಿಡಿಸಿದರು.

“ಬೀಗದ ಕೈ ನನ್ನ ಹತ್ರ ಇತ್ತಲ್ಲ ಮಾಬ್ಲೇಶ್ವರ,” ಎಂದರು. “ಇನ್ನು ಮೇಲೆ ನಿನ್ನ ಹತ್ರ.”

ನಾನು ಕೈ ಚಾಚಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಹಾಗೆಯೇ ಹಿಡಿದುಕೊಂಡು ನಿಂತಿದ್ದರು. ನನಗೆ ಜನಿವಾರವಿಲ್ಲ. ಉಡಿದಾರಕ್ಕೆ ಕಟ್ಟಿಕೊಂಡೆ. ನಡೆಯುವಾಗ, ಕೂರುವಾಗ, ಮಲಗಿದರೂ ಅದು ಸೊಂಟಕ್ಕೆ ಚುಚ್ಚುತ್ತಿತ್ತು. ನಾನು ನಿವೃತ್ತನಾಗುವವರೆಗೂ ಅದನ್ನು ಬೇರೆ ಕಡೆ ಕಟ್ಟಲಿಲ್ಲ.