ಮನೆಗೆ ಕಳಿಸಿದ ಸೀರೆಗಂಟು

ಬೈಲಹೊಂಗಲದ ನಮ್ಮ ಸೀರೆ ಅಂಗಡಿಯಲ್ಲಿ ಮಾವನವರು ಹಾಕಿಕೊಟ್ಟ ಒಂದು ರೂಢಿಯಿತ್ತು. ಮದುವೆ ಮನೆಯಲ್ಲಿ ಅಂಗಡಿಗೆ ಬರಲಾಗದ ಹಿರಿಯರಿದ್ದರೆ, ಸೀರೆಗಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮನೆಗೇ ಕಳಿಸುವುದು. ಮುಂಗಡ ಕೇಳುವಂತಿಲ್ಲ. ಬೇಕಾದದ್ದು ಇಟ್ಟುಕೊಂಡು ಉಳಿದದ್ದು ತಂದುಕೊಟ್ಟರಾಯಿತು. ಮಾವನವರು ತೀರಿಕೊಂಡ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ.

ಸಂಪಗಾಂವದ ಒಂದು ಮನೆಯವರು ಮಾವನವರ ಕಾಲದಿಂದಲೂ ನಮ್ಮ ಗಿರಾಕಿಗಳು. ಆ ಮನೆಯ ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ. ದಡಿ, ಸೆರಗು ಮುಟ್ಟಿಯೇ ಆರಿಸುತ್ತಾರೆ. ಕಳೆದ ವರ್ಷ ಮೊಮ್ಮಗಳ ಮದುವೆಗೆಂದು ಸೊಸೆ ಬಂದು ಗಂಟು ಒಯ್ದಳು. ವಾರ ಬಿಟ್ಟು ಇಡೀ ಗಂಟು ವಾಪಸ್ ತಂದಳು. ಅತ್ತೆಯ ಮನಸ್ಸಿಗೆ ಯಾವುದೂ ಬರಲಿಲ್ಲವಂತೆ. ಹಸಿರು ಇಲಕಲ್ ಸೀರೆಯೊಂದನ್ನು ಮಾತ್ರ ಪೂರ್ತಿ ಬಿಚ್ಚಿ, ಹೇಗೆ ಹೇಗೋ ಮಡಚಿದ್ದರು.

ಮದುವೆಗೆ ಹೋದೆ. ಅಜ್ಜಿ ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದರು. ಬಣ್ಣ ಅದೇ, ದಡಿ ಅದೇ, ನೂಲು ಬೇರೆ. ನಾನು ನೋಡುತ್ತಿದ್ದುದನ್ನು ಕಂಡು ಸೊಸೆ ನನ್ನ ಕಿವಿಯ ಹತ್ತಿರ ಬಂದಳು.

"ಫೋನಿನ್ಯಾಗ ಸಸ್ತಾ ಸಿಕ್ತರಿ ಅಕ್ಕಾರ. ನಿಮ್ಮ ಸೀರಿ ಫೋಟೋ ಹಾಕಿದ್ವಿ, ಅಂಥಾದ್ದ ತೋರಿಸ್ತು. ಅತ್ತಿಗೆ ಗೊತ್ತಿಲ್ಲ."

ನಾಚಿಕೆಯೂ ಇಲ್ಲ. ಇದಕ್ಕೆ ಸ್ಪರ್ಧೆ ಅನ್ನುತ್ತಾರೆ. ಅಂಗಡಿ ಬಾಡಿಗೆ ನನ್ನದು, ಲೈಟಿನ ಬಿಲ್ಲು ನನ್ನದು, ಬಿಚ್ಚಿ ಮಡಚಿ ನೋಯುವ ಕೈ ನನ್ನದು. ವ್ಯಾಪಾರ ಮಾತ್ರ ಊರು ಕೇರಿ ಕಾಣದ ಯಾರದೋ. ಅವರ ಗೋದಾಮಿನಿಂದ ಒಂದು ಗಂಟು ಸೀರೆ ಈ ಅಜ್ಜಿಯ ಮಡಿಲಿಗೆ ಮೊದಲು ಬರಲಿ, ಆಮೇಲೆ ದರದ ಮಾತು. ಉಂಡೂ ಹೋದ ಕೊಂಡೂ ಹೋದ ಅನ್ನುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ.

ಪಕ್ಕದವರನ್ನು ಮಾತಾಡಿಸಿದ ನನ್ನ ದನಿ ಕೇಳಿ ಗುರುತು ಹಿಡಿದ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಸೀರಿ ಈ ಸಲ ಮೈಗೆ ಚುಚ್ಚತೈತಿ ನೋಡ ಯವ್ವಾ. ನಿಮ್ಮ ಮಾವ ಇದ್ದಾಗ ಇಂಥಾ ಮಾಲ ಇಡತಿರಲಿಲ್ಲ."

ಸುತ್ತ ಕೂತ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಸೊಸೆ ಕಣ್ಣಲ್ಲೇ ಬೇಡಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಮದುವೆ ಮನೆಯಲ್ಲಿ ಸುಮ್ಮನಿರಬಾರದಿತ್ತೇ ಎಂದು ನನ್ನ ಗಂಡ ಆಮೇಲೆ ಬೈದರು. ಮಾವನವರ ಹೆಸರಿಗೆ ಮಸಿ ಬಳಿದರೂ ಸುಮ್ಮನಿರಬೇಕೇ?

"ಇದು ನಮ್ಮ ಅಂಗಡೀದಲ್ರಿ ಅಜ್ಜೀ," ಅಂದೆ.

ಅಜ್ಜಿ ಸೆರಗನ್ನು ಮತ್ತೊಮ್ಮೆ ಬೆರಳಲ್ಲಿ ತಿಕ್ಕಿ ನೋಡಿದರು. "ಹಂಗಾರ ನಾ ಆರಿಸಿದ್ದು ಎಲ್ಲೈತಿ?"

"ನಮ್ಮ ಕಪಾಟಿನ್ಯಾಗ ಐತ್ರಿ. ನಿಮ್ಮ ಸೊಸಿ ವಾಪಸ್ ಕೊಟ್ರು."

ಅಜ್ಜಿ ಸೆರಗನ್ನು ಮೈಯಿಂದ ದೂರ ಹಿಡಿದುಕೊಂಡು ಕೂತರು.

ಗಂಟು ಕಟ್ಟುವ ಬಿಳಿ ಬಟ್ಟೆಯನ್ನು ಮರುದಿನವೇ ಹರಿದು ಅಂಗಡಿಯ ಗಾಜು ಒರೆಸಲು ಹಾಕಿದೆ. ಈಗ ಗಂಟು ಕೇಳಿ ಬಂದವರಿಗೆ, ನಿಮ್ಮ ಹಿರಿಯರನ್ನೇ ಹೊತ್ತುಕೊಂಡು ಬನ್ನಿ ಅನ್ನುತ್ತೇನೆ.