ಬೆನ್ನಿಗೆ ಬೇಕಾದ ಮೂಗು

ಕಾಳುಮೆಣಸು ಕೊಯ್ಯುವವರಿಗೆ ಏಣಿ ಹೇಗೆ ಆನಿಸಬೇಕು ಅಂತ ತೋರಿಸಲು ಹೋಗಿ ನಾನೇ ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರದಿಂದ ಬಿದ್ದೆ. ಇಪ್ಪತ್ತು ವರ್ಷ ಎಸ್ಟೇಟಿನ ರೈಟರ್ ಆಗಿ ಹಾಜರಿ ಬರೆದವನು ಏಣಿ ಹತ್ತಿದ್ದು ಅದೊಂದೇ ಸಲ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು.

ಎರಡು ವರ್ಷದ ನಂತರ ಘಟ್ಟದ ಕೆಳಗಿನ ಡಾಕ್ಟರೊಬ್ಬರು ಒಂದು ಸುದ್ದಿ ಹೇಳಿದರು. ಮೂಗಿನೊಳಗೆ ವಾಸನೆ ಹಿಡಿಯುವ ನರಗಳು ಜೀವಮಾನವಿಡೀ ಹೊಸದಾಗಿ ಬೆಳೆಯುತ್ತಲೇ ಇರುತ್ತವಂತೆ. ಅಲ್ಲಿಂದ ಚೂರು ಅಂಗಾಂಶ ತೆಗೆದು ಬೆನ್ನುಹುರಿಯ ಗಾಯಕ್ಕೆ ಕಸಿ ಮಾಡಿ ನೋಡುತ್ತಿದ್ದಾರಂತೆ. ‘ಇನ್ನೂ ಪ್ರಯೋಗ, ಆಸೆ ಇಟ್ಕೋಬೇಡಿ. ನಾಲ್ಕು ತಿಂಗಳು ಬಿಟ್ಟು ಬನ್ನಿ, ನೋಡೋಣ. ಅಲ್ಲಿತನಕ ಮೂಗು ಜೋಪಾನ’ ಅಂದರು. ನಮ್ಮವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ನಮ್ಮ ಎಸ್ಟೇಟಿನ ಆಳುಗಳ ಮೇಸ್ತ್ರಿ ಕಾಫಿ ಗಿಡಕ್ಕೆ ಕಸಿ ಕಟ್ಟುವುದರಲ್ಲಿ ಪಳಗಿದವನು. ಯಾವ ಗಿಡದಿಂದ ಕುಡಿ ತೆಗೆಯಬೇಕೋ ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಕೆಂಪು ಬಟ್ಟೆ ಕಟ್ಟಿ, ಯಾರೂ ಕೈ ಹಾಕದಂತೆ ಕಾಯುವುದು ಅವನ ಪದ್ಧತಿ. ನನ್ನ ಗಾಲಿಕುರ್ಚಿಗೂ ಕಟ್ಟಿದ.

‘ರೈಟರೇ, ನೀವೀಗ ತಾಯಿಗಿಡ. ಸೀನಬಾರ್ದು.’

ಅಲ್ಲಿಂದ ಶುರುವಾಯಿತು ನನ್ನ ಮೂಗಿನ ದರ್ಬಾರು. ಕಾಲು ಹೇಗಿದೆ ಅಂತ ಕೇಳುವವರೇ ಇಲ್ಲ. ಮೂಡಿಗೆರೆಯಿಂದ ಜೀಪ್ ಮೆಕ್ಯಾನಿಕ್ ಗೆಳೆಯ ನೋಡಲು ಬಂದರೆ, ನೆಗಡಿ ಇದೆ ಅಂತ ಮೇಸ್ತ್ರಿ ಅವನನ್ನು ಗೇಟಿನಲ್ಲೇ ನಿಲ್ಲಿಸಿದ. ನಾವಿಬ್ಬರೂ ಕೂಗಾಡಿಕೊಂಡೇ ಕಷ್ಟಸುಖ ಮಾತಾಡಿದೆವು. ಘಾಟು ಆಗುತ್ತದೆ ಅಂತ ನನ್ನ ಹೆಂಡತಿ ಒಗ್ಗರಣೆ ಹಾಕುವುದನ್ನೇ ಬಿಟ್ಟಳು. ಆ ಸಪ್ಪೆ ಸಾರು ಉಣ್ಣುವಾಗ ಸಿಟ್ಟು ನೆತ್ತಿಗೇರುತ್ತಿತ್ತು. ಆದರೂ ಸೀನು ಬಂದರೆ ಉಸಿರು ಬಿಗಿಹಿಡಿಯುತ್ತಿದ್ದೆ. ಇಟ್ಟುಕೊಳ್ಳಬೇಡಿ ಅಂದಿದ್ದ ಆಸೆಯನ್ನೇ ಇಟ್ಟುಕೊಂಡಿದ್ದೆ. ಒಂದು ಸಲ ಎದ್ದು ನಿಲ್ಲಬೇಕಿತ್ತು ನನಗೆ, ಅಷ್ಟೇ.

ನಾಲ್ಕು ತಿಂಗಳಾದ ಮೇಲೆ ನಾನು, ಹೆಂಡತಿ, ಮೇಸ್ತ್ರಿ ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ‘ಬಹಳ ಚೆನ್ನಾಗಿದೆ’ ಅಂದರು. ಮೇಸ್ತ್ರಿ ಎದೆಯುಬ್ಬಿಸಿ ನಿಂತ. ಆಮೇಲೆ ಬೆನ್ನಿನ ಸ್ಕ್ಯಾನ್ ನೋಡಿದರು. ತುಂಬಾ ಹೊತ್ತು ನೋಡಿದರು.

‘ಗಾಯ ಬಹಳ ಉದ್ದಕ್ಕಿದೆ. ಈ ಪ್ರಯೋಗಕ್ಕೆ ನಿಮ್ಮನ್ನ ತಗೊಳ್ಳೋಕಾಗಲ್ಲ.’

‘ಇವ್ರದ್ದು ಸಾಲದಿದ್ರೆ ನನ್ನ ಮೂಗಿಂದ್ಲೂ ತಗೊಳ್ಳಿ ಡಾಕ್ಟ್ರೇ’ ಅಂದಳು ಹೆಂಡತಿ. ಮೇಸ್ತ್ರಿಯ ಕೈ ತಾನಾಗಿಯೇ ಅವನ ಮೂಗಿಗೆ ಹೋಯಿತು.

‘ಮೂಗಿಂದು ತೊಂದರೆ ಅಲ್ಲಮ್ಮ’ ಅಂದರು ಡಾಕ್ಟರು.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳ ಕಡೆ ತಿರುಗಿದೆ. ಮದುವೆಯಾದಾಗಿನಿಂದ ಒಂದು ದಿನವೂ ತೆಗೆಯದ ಮೂಗುಬೊಟ್ಟು ಅಲ್ಲಿರಲಿಲ್ಲ. ದಾರಿಯುದ್ದಕ್ಕೂ ಪಕ್ಕದಲ್ಲೇ ಕೂತಿದ್ದಳು. ನನ್ನ ಮೂಗಿನದೇ ಧ್ಯಾನದಲ್ಲಿದ್ದ ನಾನು ನೋಡಿರಲಿಲ್ಲ.

‘ಬೆಳಿಗ್ಗೇನೇ ಬಿಚ್ಚಿಟ್ಟು ಬಂದೆ’ ಅಂದಳು. ‘ಅವ್ರು ಕೇಳಿದ್ರೆ ತಡ ಆಗ್ಬಾರ್ದು ಅಂತ.’