ನೀಲಿಗೆ ಮೂಗೇ ಕಣ್ಣು

ಬೆಳಗಿನ ಐದೂವರೆ. ಓಹಾಕಾ ಕಣಿವೆಯ ನಮ್ಮ ನೇಕಾರರ ಬೀದಿಯಲ್ಲಿ ಇನ್ನೂ ಮಗ್ಗದ ಸದ್ದೆದ್ದಿಲ್ಲ. ಎರ್ಮೆಲಿಂದಾ ಬಸಾನ್ ಹಿತ್ತಿಲಲ್ಲಿ ಸೊಂಟದೆತ್ತರದ ಮಣ್ಣಿನ ಮಡಕೆಯ ಮುಂದೆ ನಿಂತು ಹೊದಿಸಿದ ಕಂಬಳಿ ಸರಿಸಿ ಮುಚ್ಚಳ ತೆಗೆಯುತ್ತಾರೆ. ಒಳಗೆ ನೀಲಿ ಹುಳಿ ಬರುತ್ತಿದೆ. ಅವರು ಬಗ್ಗಿ ಮೂಸುವುದಿಲ್ಲ. ಮೂಸುವವಳು ಸೊಸೆ ಒದಿಲಿಯಾ.

"ಏನ್ ವಾಸನೆ ಬರ್ತಿದೆ?"

"ಹುಳಿ ಹುಳಿಯಾಗಿದೆ, ಅತ್ತೆ."

"ಯಾವ ಹುಳಿ? ಹಿಟ್ಟು ಹುಳಿ ಬಂದಂಗೋ, ಹಣ್ಣು ಕೊಳೆತಂಗೋ?"

ಒದಿಲಿಯಾ ಇನ್ನೊಮ್ಮೆ ಮೂಗು ಇಳಿಸುತ್ತಾಳೆ. "ಎರಡರ ಮಧ್ಯ."

"ಮಧ್ಯ ಅಂತ ಒಂದು ವಾಸನೆ ಇಲ್ಲ ಕಣೇ! ನಿನ್ನ ಮೂಗು ನನಗೆ ಕೊಟ್ಟು ನೀನು ಒಲೆ ಹಚ್ಚು ಹೋಗು."

ಇಬ್ಬರೂ ನಗುತ್ತಾರೆ. ಆ ನಗು ಬೇಗ ಮುಗಿಯುತ್ತದೆ.

ಅರವತ್ತಮೂರರ ಎರ್ಮೆಲಿಂದಾ ನಲವತ್ತೆಂಟು ವರ್ಷಗಳಿಂದ ಉಣ್ಣೆ ನೂಲಿಗೆ ನೀಲಿ ಹಾಕುತ್ತಿದ್ದಾರೆ. ಈ ಬೀದಿಯ ಇಪ್ಪತ್ತಾರು ಮನೆಗಳ ಕಂಬಳಿ, ಜಮಖಾನೆಗಳ ನೀಲಿಯೆಲ್ಲ ಇವರ ಕೈಯದೇ ಆಗಿತ್ತು. ನೇಯ್ದವರ ಹೆಸರು ಅಂಚಿನಲ್ಲಿರುತ್ತದೆ, ಬಣ್ಣ ಹಾಕಿದವರ ಹೆಸರು ಎಲ್ಲೂ ಇರುವುದಿಲ್ಲ.

ನೀಲಿಗಿಡದ ಗಟ್ಟಿಯನ್ನು ಬೂದಿನೀರು, ಸುಣ್ಣ, ತವುಡಿನ ಜೊತೆ ಹುಳಿ ಬರಿಸಬೇಕು. ಅದಕ್ಕೆ ಜೀವವಿದೆ, ದಿನವೂ ಉಣಿಸಬೇಕು. ಹಸಿದರೆ ತವುಡು, ಹುಳಿ ಮೀರಿದರೆ ಸುಣ್ಣ. ಯಾವುದು ಬೇಕೆಂದು ಮೊದಲು ಹೇಳುವುದು ವಾಸನೆ. ಕಣ್ಣಿಗೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎರ್ಮೆಲಿಂದಾರ ಮಡಕೆ ಅಜ್ಜಿಯ ಕಾಲದ್ದು. ಹೆಪ್ಪು ಉಳಿಸಿಕೊಂಡ ಹಾಗೆ ಹಳೆಯದರ ಮೇಲೇ ಹೊಸದನ್ನು ಸುರಿಯುತ್ತಾ ಮನೆಯ ಹೆಂಗಸರು ಎಂಬತ್ತು ವರ್ಷ ಕಾಪಾಡಿಕೊಂಡು ಬಂದಿದ್ದರು.

ಎರಡು ವರ್ಷದ ಹಿಂದೆ ಹನ್ನೊಂದು ದಿನ ಜ್ವರ ಬಂತು. ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ನಾಲಿಗೆಯ ರುಚಿಯೂ ಅದರ ಹಿಂದೆಯೇ ಹೊರಟಿತು. ಪಟ್ಟಣದ ವೈದ್ಯರು ಕಾಯಿರಿ ಎಂದರು, ಇವರು ಇನ್ನೂ ಕಾಯುತ್ತಿದ್ದಾರೆ.

"ಯಾರಿಗೂ ಹೇಳ್ಲಿಲ್ಲ," ಎನ್ನುತ್ತಾರೆ. "ಬಣ್ಣದೋಳಿಗೆ ಮೂಗಿಲ್ಲ ಅಂದ್ರೆ ಯಾರು ನೂಲು ಕೊಡ್ತಾರೆ? ಕೈ ಅಂದಾಜಲ್ಲೇ ನಡೆಸಿದೆ. ಇಷ್ಟು ವರ್ಷ ಪಳಗಿದ ಕೈ, ಮೋಸ ಮಾಡಲ್ಲ ಅನ್ಕೊಂಡೆ."

ಕೈ ಮೋಸ ಮಾಡಿತು. ಬೀದಿಗೆಲ್ಲ ಕೊಳೆತ ನಾತ ಹಬ್ಬಿತು. ನಮ್ಮಲ್ಲಿ ಇನ್ನೊಬ್ಬರ ಬಣ್ಣದ ಮಡಕೆಯ ಬಗ್ಗೆ ಬಾಯಿ ಬಿಡುವಂತಿಲ್ಲ, ದೃಷ್ಟಿ ತಾಗುತ್ತದೆ. ಅದೂ ಅಲ್ಲದೆ, ಎರ್ಮೆಲಿಂದಾಗೆ ಹೇಳಿಕೊಡುವಷ್ಟು ದೊಡ್ಡವರು ಯಾರಿದ್ದರು? ಏನೋ ಹೊಸದು ಮಾಡಿ ನೋಡುತ್ತಿದ್ದಾರೆ ಎಂದುಕೊಂಡೆವು. ಮಗನೂ ಹಾಗೇ ಎಂದುಕೊಂಡ. "ನಾನು ಆಗಷ್ಟೇ ಮದುವೆಯಾಗಿ ಬಂದೋಳು," ಎನ್ನುತ್ತಾಳೆ ಒದಿಲಿಯಾ. "ಅತ್ತೆ, ನಿಮ್ಮ ಮಡಕೆ ನಾರ್ತಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?" ಒಂಬತ್ತು ದಿನ ಇಡೀ ಬೀದಿ ಮೂಗು ಮುಚ್ಚಿಕೊಂಡು ಓಡಾಡಿತು. ಓಡಾಡಿದವರಲ್ಲಿ ನಾನೂ ಒಬ್ಬ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಳ್ಳೆಯ ಮಡಕೆಯಿಂದ ಎತ್ತಿದ ನೂಲು ಮೊದಲು ಹಸಿರಾಗಿದ್ದು ಗಾಳಿ ಸೋಕಿದ ಹಾಗೆ ನೀಲಿಯಾಗುತ್ತದೆ. ಹತ್ತನೆಯ ದಿನ ಎತ್ತಿದ ನೂಲಿನ ಲಡಿ ಎಷ್ಟು ಗಾಳಿ ಸೋಕಿದರೂ ಮಾಸಲಾಗಿಯೇ ಉಳಿಯಿತು. ಅಜ್ಜಿಯ ಮಡಕೆಯಲ್ಲಿದ್ದುದನ್ನೆಲ್ಲ ಅವರು ಕಳ್ಳಿಬೇಲಿಯ ಬುಡಕ್ಕೆ ಸುರಿದರು.

ಈಗಿನದು ಹೊಸದಾಗಿ ಕಟ್ಟಿದ ನಾಲ್ಕನೆಯ ಮಡಕೆ. ಹಿಂದಿನ ಮೂರೂ ಕೈಕೊಟ್ಟವು. ಏಳು ಗಂಟೆಗೆ ನೇಕಾರ ಸಬಾಸ್ ಕಳೆದ ವಾರ ಒಯ್ದ ನೂಲಿನ ಗಂಟನ್ನು ವಾಪಸು ತರುತ್ತಾರೆ.

"ಅಕ್ಕಾ, ನಿನ್ನ ನೀಲಿ ನನ್ನ ಅಳಿಯನ ಥರ. ನೀರು ಕಂಡ್ರೆ ಸಾಕು, ಓಡಿಹೋಗುತ್ತೆ."

"ಅವನನ್ನ ಒಂದ್ಸಲನಾದ್ರೂ ಹಿಡಿದು ತೊಳ್ದಿದೀಯಾ?"

ಸಬಾಸ್ ನಗುತ್ತಾರೆ. ಆಮೇಲೆ ನೆಲ ನೋಡುತ್ತಾ, "ಇನ್ಮೇಲೆ ಸಂತೆಯ ಪೊಟ್ಟಣದ ಬಣ್ಣಾನೇ ಹಾಕ್ಕೋತೀನಕ್ಕಾ. ಬೇಜಾರು ಮಾಡ್ಕೋಬೇಡ," ಎನ್ನುತ್ತಾರೆ. ಇಪ್ಪತ್ತಾರು ಮನೆಗಳಲ್ಲಿ ಉಳಿದಿದ್ದವು ಮೂರು. ಇವತ್ತಿಗೆ ಎರಡಾಯಿತು.

ಅವರು ಹೋದ ಮೇಲೆ ಎರ್ಮೆಲಿಂದಾ ಒದಿಲಿಯಾ ತಂದಿಟ್ಟ ಚಾಕೊಲೇಟಿನ ಲೋಟವನ್ನು ಕುಡಿಯದೆ ಹಿಡಿದು ಕೂರುತ್ತಾರೆ. "ಇದು ಬರೀ ಬಿಸಿ. ಊಟ ಬರೀ ಅಗಿಯೋದು. ಮೊಮ್ಮಗೂನ ಎತ್ಕೊಂಡ್ರೆ ಭಾರ ಗೊತ್ತಾಗುತ್ತೆ, ಮಗು ಗೊತ್ತಾಗಲ್ಲ. ಬದುಕಿದೀನಿ ಅಂತ ನೀವೆಲ್ಲ ಹೇಳ್ತೀರಿ, ಅದಕ್ಕೇ ನಂಬ್ತೀನಿ."

ಹೊಸ ಮಡಕೆಗೆ ಏನು ಬೇಕೆಂದು ನಾನು ಕೇಳುತ್ತೇನೆ. ಅವರು ಬೇರೆಯದೇ ಹೇಳುತ್ತಾರೆ.

"ಸತ್ತೋರ ಹಬ್ಬಕ್ಕೆ ಇನ್ನು ಹದಿನೈದು ದಿನ. ಚೆಂಡುಹೂವು, ಧೂಪ, ರೊಟ್ಟಿ ಇಡ್ತೀವಿ. ವಾಸನೆ ಹಿಡ್ಕೊಂಡೇ ಅಲ್ವಾ ಸತ್ತೋರು ಮನೆಗೆ ಬರೋದು? ನಮ್ಮವ್ವ ವರ್ಷಾ ವರ್ಷಾ ಬರ್ತಾಳೆ. ನಾನು ಸತ್ತ ಮೇಲೆ ಹೇಗೆ ಬರ್ಲಿ? ಎಷ್ಟು ಧೂಪ ಹಾಕಿದ್ರೂ ನನಗೆ ತಿಳಿಯಲ್ಲ. ಯಾರ ಮನೆ ಬಾಗಿಲಲ್ಲಿ ನಿಂತಿರ್ತೀನೋ ಏನೋ."

ಎದ್ದು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಒಂದು ಲಡಿ ತರುತ್ತಾರೆ. ಅಜ್ಜಿಯ ಮಡಕೆ ಚೆನ್ನಾಗಿದ್ದಾಗ ಅದರಿಂದ ಎತ್ತಿದ ಕೊನೆಯ ನೀಲಿ. ಎಷ್ಟು ಜನ ಕೇಳಿದರೂ ಕೊಟ್ಟಿಲ್ಲ. ಒದಿಲಿಯಾಳ ಕೈಗೆ ಅದನ್ನು ಮುಟ್ಟಿಸಿ ಮತ್ತೆ ತಾವೇ ಇಟ್ಟುಕೊಳ್ಳುತ್ತಾರೆ.

"ನಾನು ಹೋದ್ಮೇಲೆ ಹಬ್ಬದ ದಿನ ಇದನ್ನ ಬಾಗಿಲಿಗೆ ಕಟ್ಟು ಅಂತ ಇವಳಿಗೆ ಹೇಳಿಟ್ಟಿದೀನಿ. ನನ್ನ ಕೈ ನೀಲಿ ನನಗೆ ಗುರುತು ಸಿಗುತ್ತೆ." ಸೊಸೆಯ ಕಡೆ ತಿರುಗುತ್ತಾರೆ. "ಹೊತ್ತು ಮುಳುಗೋಕೆ ಮುಂಚೆ ಕಟ್ಟಮ್ಮ. ಕತ್ತಲಲ್ಲಿ ನೀಲಿ ಕಾಣಲ್ಲ."